ಭದ್ರಾ ನಾಲೆ ನೀರು ಮತ್ತು ಸಮುದ್ರದ ಉಪ್ಪು: ಒಂದು ಜಮಾ-ಖರ್ಚಿನ ಲೆಕ್ಕ

(ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ)

ತ್ಯಾವಣಿಗೆಯಿಂದ ಮಾತಾಡ್ತಾ ಇದ್ದೀನಿ.

ಇವತ್ತು ಸಮುದ್ರದ ಬಗ್ಗೆ ಮಾತಾಡೋಣ. ಚನ್ನಗಿರಿ ತಾಲ್ಲೂಕಲ್ಲಿ ಕೂತ್ಕೊಂಡು ಸಮುದ್ರದ ಮಾತು ಯಾಕಪ್ಪಾ ಅನ್ನಬೇಡಿ. ಹತ್ತು ನಿಮಿಷ ಕೊಡಿ, ಸಂಬಂಧ ಏನು ಅಂತ ತೋರಿಸ್ತೀನಿ.

ಮೊದಲು ಒಂದು ಪ್ರಶ್ನೆ. ನಮ್ಮ ಭಾಗದಲ್ಲಿ ಹರಿಯೋ ಭದ್ರಾ ನಾಲೆ ನೀರು ಕೊನೆಗೆ ಯಾವ ಸಮುದ್ರ ಸೇರುತ್ತೆ? ಮೊಬೈಲ್‌ನಲ್ಲಿ ಮ್ಯಾಪ್ ತೆಗೀರಿ. ತ್ಯಾವಣಿಗೆಯಿಂದ ಪಶ್ಚಿಮಕ್ಕೆ ನೇರ ಗೆರೆ ಎಳೆದ್ರೆ ಸುಮಾರು 150 ಕಿ.ಮೀ.ಗೆ ಹೊನ್ನಾವರದ ಹತ್ತಿರ ಅರಬ್ಬಿ ಸಮುದ್ರ ಸಿಗುತ್ತೆ. ಪೂರ್ವಕ್ಕೆ ಎಳೆದ್ರೆ ಬಂಗಾಳ ಕೊಲ್ಲಿ ಸಿಗೋಕೆ 450 ಕಿ.ಮೀ. ಹೋಗಬೇಕು. ಹತ್ತಿರ ಇರೋದು ಅರಬ್ಬಿ ಸಮುದ್ರ. ಆದ್ರೆ ನಮ್ಮ ನೀರು ಹೋಗೋದು ಬಂಗಾಳ ಕೊಲ್ಲಿಗೆ. ಗದ್ದೆ ಕುಡಿದು ಉಳಿದದ್ದು ಹಳ್ಳ ಸೇರುತ್ತೆ, ಹಳ್ಳ ತುಂಗಭದ್ರೆ ಸೇರುತ್ತೆ, ತುಂಗಭದ್ರೆ ಕೃಷ್ಣೆ ಸೇರುತ್ತೆ, ಕೃಷ್ಣೆ ಆಂಧ್ರದ ಹಂಸಲದೀವಿ ಹತ್ತಿರ ಕಡಲು ಸೇರುತ್ತೆ. ಸೂಳೆಕೆರೆ ಕೋಡಿ ಬಿದ್ರೂ ಅದೇ ದಾರಿ. ಹರಿದ್ರಾ ಹಳ್ಳ ಹರಿಹರದ ಹತ್ತಿರ ತುಂಗಭದ್ರೆಗೆ ಸೇರ್ಕೊಳ್ಳುತ್ತೆ.

ಇನ್ನೊಂದು ವಿಷಯ ಕೇಳಿ. ಭದ್ರೆ ಹುಟ್ಟೋದು ಕುದುರೆಮುಖದ ಹತ್ತಿರದ ಗಂಗಾಮೂಲದಲ್ಲಿ. ತುಂಗೆಯ ಮೂಲವೂ ಅಲ್ಲೇ, ನೇತ್ರಾವತಿಯ ಮೂಲವೂ ಅದೇ ಬೆಟ್ಟಸಾಲು ಅಂತ ಹಿಂದಿನಿಂದ ಹೇಳ್ಕೊಂಡು ಬಂದಿದ್ದಾರೆ. ಅಕ್ಕಪಕ್ಕ ಬಿದ್ದ ಎರಡು ಮಳೆಹನಿ. ಒಂದು ಘಟ್ಟ ಇಳಿದು ಮಂಗಳೂರಲ್ಲಿ ಅರಬ್ಬಿ ಸಮುದ್ರಕ್ಕೆ, ಇನ್ನೊಂದು ಅರ್ಧ ದಕ್ಷಿಣ ಭಾರತ ದಾಟಿ ಬಂಗಾಳ ಕೊಲ್ಲಿಗೆ. ಆ ಎರಡು ಕಡಲಿನ ರುಚಿ ಒಂದೇ ಅಲ್ಲ. ಒಂದು ಹೆಚ್ಚು ಉಪ್ಪು, ಒಂದು ಕಡಿಮೆ ಉಪ್ಪು. ಯಾಕೆ ಅನ್ನೋದೇ ಇವತ್ತಿನ ವಿಷಯ.

ಮೊದಲು ಅಂಕಿ ನೋಡೋಣ. ಪ್ರಪಂಚದ ಸಮುದ್ರಗಳ ಸರಾಸರಿ ತಗೊಂಡ್ರೆ ಒಂದು ಕೆ.ಜಿ. ನೀರಲ್ಲಿ ಸುಮಾರು 35 ಗ್ರಾಂ ಉಪ್ಪು ಇರುತ್ತೆ. ಮನೆಗೆ ಕುಡಿಯೋ ನೀರು ತರ್ತೀವಲ್ಲ 20 ಲೀಟರ್ ಕ್ಯಾನ್, ಅದರ ಲೆಕ್ಕದಲ್ಲಿ ಹೇಳ್ತೀನಿ. ಸರಾಸರಿ ಸಮುದ್ರದ ನೀರನ್ನ ಆ ಕ್ಯಾನ್‌ಗೆ ತುಂಬಿಸಿ ಒಣಗಿಸಿದ್ರೆ ಸುಮಾರು 700 ಗ್ರಾಂ ಉಪ್ಪು ಸಿಗುತ್ತೆ. ಉತ್ತರ ಅರಬ್ಬಿ ಸಮುದ್ರದ ಮೇಲ್ಪದರದ ನೀರಾದ್ರೆ 720-730 ಗ್ರಾಂ. ಬಂಗಾಳ ಕೊಲ್ಲಿಯ ಉತ್ತರ ಭಾಗದ ನೀರಾದ್ರೆ 620 ಗ್ರಾಂ ಆಸುಪಾಸು, ಮಳೆಗಾಲದ ಕೊನೆಯಲ್ಲಿ ನದೀಮುಖಗಳ ಹತ್ತಿರ ಅದಕ್ಕಿಂತಲೂ ಕಡಿಮೆ. ಕೆಂಪು ಸಮುದ್ರದ ಉತ್ತರಕ್ಕೆ ಹೋದ್ರೆ 800 ಗ್ರಾಂ. ಯುರೋಪಿನ ಬಾಲ್ಟಿಕ್ ಸಮುದ್ರದಲ್ಲಿ ಬರೀ 140 ಗ್ರಾಂ.

ಈಗ ಸ್ವಲ್ಪ ಯೋಚನೆ ಮಾಡಿ. ಸಮುದ್ರ ಅಂದ್ರೆ ಎಲ್ಲಾ ಒಂದಕ್ಕೊಂದು ಕೂಡಿಕೊಂಡಿರೋ ನೀರು. ಕೋಟಿಗಟ್ಟಲೆ ವರ್ಷದಿಂದ ಕಲಕ್ತಾನೇ ಇದೆ. ಆದ್ರೂ ಯಾಕೆ ಎಲ್ಲಾ ಕಡೆ ಒಂದೇ ಉಪ್ಪು ಆಗಿಲ್ಲ?

ನಾನು ಓದಿದ್ದು ಬಿ.ಕಾಂ., ಹಾಗಾಗಿ ನನಗೆ ಇದು ಅರ್ಥ ಆಗಿದ್ದು ಪಾಸ್‌ಬುಕ್ ಲೆಕ್ಕದಲ್ಲೇ. ಸಮುದ್ರದ ಉಪ್ಪು ಅಂದ್ರೆ ಅಸಲು. ಭೂಮಿ ಮೇಲಿನ ಕಲ್ಲು-ಮಣ್ಣಿಂದ ನದಿಗಳು ಚೂರುಚೂರೇ ಕರಗಿಸಿ ತಂದಿದ್ದು, ಸಮುದ್ರದ ತಳದ ಬಿಸಿ ಬಿರುಕುಗಳಿಂದ ಬಂದಿದ್ದು, ಎಲ್ಲಾ ಸೇರಿ ಯುಗಯುಗಗಳಿಂದ ಕೂಡಿಟ್ಟಿರೋ ಗಂಟು. ಈ ವರ್ಷ ಹೊಸದಾಗಿ ಬರೋ ಉಪ್ಪು ಆ ಗಂಟಿನ ಮುಂದೆ ಏನೂ ಅಲ್ಲ. ದಿನಾ ಏರುಪೇರಾಗೋದು ನೀರು. ಮಳೆ ಬಿತ್ತು, ನೀರು ಜಮಾ. ನದಿ ಬಂತು, ಜಮಾ. ಹಿಮ ಕರಗ್ತು, ಜಮಾ. ಬಿಸಿಲು-ಗಾಳಿಗೆ ಆವಿ ಆಯ್ತು, ಖರ್ಚು. ಆವಿ ಆಗುವಾಗ ನೀರು ಮಾತ್ರ ಹೋಗುತ್ತೆ, ಉಪ್ಪು ಅಲ್ಲೇ ಕೂರುತ್ತೆ. ಜಮಾಗಿಂತ ಖರ್ಚು ಜಾಸ್ತಿ ಇರೋ ಕಡೆ ನೀರು ಉಪ್ಪಾಗುತ್ತೆ, ಖರ್ಚಿಗಿಂತ ಜಮಾ ಜಾಸ್ತಿ ಇರೋ ಕಡೆ ಸಪ್ಪೆ ಆಗುತ್ತೆ. ಸಾರಿಗೆ ಉಪ್ಪು ಜಾಸ್ತಿ ಆದ್ರೆ ಅಮ್ಮ ಉಪ್ಪು ತೆಗೆಯೋಕಾಗಲ್ಲ, ನೀರು ಸೇರಿಸ್ತಾಳೆ ನೋಡಿ, ಅದೇ ವಿದ್ಯೆ.

ಇದು ಬಾಯಿಮಾತಲ್ಲ, ಸಾಕ್ಷಿ ಇದೆ. 1872ರಿಂದ 1876ರವರೆಗೆ ಚಾಲೆಂಜರ್ ಅನ್ನೋ ಬ್ರಿಟಿಷ್ ಹಡಗು ಪ್ರಪಂಚ ಸುತ್ತಿ ಬೇರೆ ಬೇರೆ ಸಮುದ್ರದ ನೀರು ತುಂಬ್ಕೊಂಡು ಬಂತು. ವಿಲಿಯಂ ಡಿಟ್‌ಮಾರ್ ಅನ್ನೋ ರಸಾಯನ ವಿಜ್ಞಾನಿ ಅದರಲ್ಲಿ 77 ಮಾದರಿಗಳನ್ನ ಪರೀಕ್ಷೆ ಮಾಡಿ 1884ರಲ್ಲಿ ಫಲಿತಾಂಶ ಕೊಟ್ರು. ಒಂದು ಕಡೆ ಉಪ್ಪು ಹೆಚ್ಚು, ಒಂದು ಕಡೆ ಕಡಿಮೆ. ಆದ್ರೆ ಆ ಉಪ್ಪಿನ ಒಳಗಿನ ಪಾಲು ಎಲ್ಲಾ ಕಡೆ ಹೆಚ್ಚುಕಡಿಮೆ ಒಂದೇ. 100 ಗ್ರಾಂ ಉಪ್ಪಲ್ಲಿ ಸುಮಾರು 55 ಗ್ರಾಂ ಕ್ಲೋರೈಡ್, ಸುಮಾರು 31 ಗ್ರಾಂ ಸೋಡಿಯಂ, ಉಳಿದಿದ್ದು ಮೆಗ್ನೀಶಿಯಂ, ಸಲ್ಫೇಟು ಇತ್ಯಾದಿ. ಅಂದ್ರೆ ತೆರೆದ ಸಮುದ್ರದಲ್ಲಿ ಮಸಾಲೆ ಒಂದೇ, ಸೇರಿಸಿದ ನೀರು ಮಾತ್ರ ಬೇರೆ.

ಈಗ ನಮ್ಮ ಎರಡು ಕಡಲುಗಳ ಪಾಸ್‌ಬುಕ್ ತೆಗೆಯೋಣ.

ಅರಬ್ಬಿ ಸಮುದ್ರದ ಉತ್ತರಕ್ಕೆ, ಪಶ್ಚಿಮಕ್ಕೆ ಏನಿದೆ? ಮರುಭೂಮಿ. ಒಣಗಾಳಿ ಬೀಸುತ್ತೆ, ನೀರು ಹೀರ್ಕೊಂಡು ಹೋಗುತ್ತೆ. ಮಳೆ ಕಡಿಮೆ. ದೊಡ್ಡ ನದಿಗಳು ಅಂದ್ರೆ ಸಿಂಧೂ, ನರ್ಮದಾ, ತಪತಿ, ಅಷ್ಟೇ. ಸಿಂಧೂ ನೀರಿನ ಬಹುಪಾಲು ದಾರಿಯಲ್ಲೇ ನಾಲೆಗಳಿಗೆ ಹೋಗುತ್ತೆ. ಇದರ ಮೇಲೆ ಕೆಂಪು ಸಮುದ್ರ ಮತ್ತು ಪರ್ಷಿಯನ್ ಕೊಲ್ಲಿಯ ಕಡು ಉಪ್ಪುನೀರು ಬೇರೆ ಒಳಗೆ ಬಂದು ಸೇರುತ್ತೆ. ಖರ್ಚು ಜಾಸ್ತಿ, ಜಮಾ ಕಡಿಮೆ.

ಬಂಗಾಳ ಕೊಲ್ಲಿಯದ್ದು ಉಲ್ಟಾ. ಮಳೆ ಜೋರು. ಗಂಗಾ, ಬ್ರಹ್ಮಪುತ್ರ, ಐರಾವತಿ, ಮಹಾನದಿ, ಗೋದಾವರಿ, ಕೃಷ್ಣಾ, ಕಾವೇರಿ, ಎಲ್ಲಾ ಅಲ್ಲಿಗೇ. ಗಂಗಾ-ಬ್ರಹ್ಮಪುತ್ರ ಎರಡೇ ವರ್ಷಕ್ಕೆ ಸುಮಾರು 1,000 ಘನ ಕಿ.ಮೀ. ನೀರು ಸುರಿಯುತ್ವೆ. ಇದು ಎಷ್ಟು ಅಂತ ಅಂದಾಜು ಬೇಕಾ? ನಮ್ಮ ಭದ್ರಾ ಡ್ಯಾಂ ತುಂಬಿದ್ರೆ 71.5 ಟಿಎಂಸಿ, ಅಂದ್ರೆ ಸುಮಾರು 2 ಘನ ಕಿ.ಮೀ. ಅಂಥ 500 ಭದ್ರಾ ಡ್ಯಾಂ ತುಂಬುವಷ್ಟು ನೀರು, ಪ್ರತಿ ವರ್ಷ, ಅದೂ ಹೆಚ್ಚಿನ ಪಾಲು ಮಳೆಗಾಲದ ಕೆಲವೇ ತಿಂಗಳಲ್ಲಿ. ಜಮಾ ಮೇಲೆ ಜಮಾ. ಸಪ್ಪೆ ಆಗದೇ ಇನ್ನೇನಾಗುತ್ತೆ?

ಒಂದೇ ಕಡಲಿನ ಒಳಗೂ ವ್ಯತ್ಯಾಸ ಇದೆ. ಗುಜರಾತಿನ ಆಚೆಯ ಅರಬ್ಬಿ ಸಮುದ್ರ ಬೇರೆ, ನಮ್ಮ ಕರಾವಳಿ-ಕೇರಳದ ಹತ್ತಿರದ ಅರಬ್ಬಿ ಸಮುದ್ರ ಬೇರೆ. ಪಶ್ಚಿಮ ಘಟ್ಟದ ಮಳೆ, ಕಾಳಿ, ಶರಾವತಿ, ನೇತ್ರಾವತಿಯಂಥ ನದಿಗಳು ಇಲ್ಲಿ ಉಪ್ಪನ್ನ ತಗ್ಗಿಸ್ತವೆ.

ಈಗ ನಿಮ್ಮ ಮನಸ್ಸಲ್ಲಿ ಒಂದು ಪ್ರಶ್ನೆ ಬಂದಿರುತ್ತೆ. ಹಾಗಾದ್ರೆ ಬಂಗಾಳ ಕೊಲ್ಲಿ ವರ್ಷ ವರ್ಷ ಸಪ್ಪೆ ಆಗ್ತಾ ಹೋಗಬೇಕಿತ್ತಲ್ಲ? ಅರಬ್ಬಿ ಸಮುದ್ರ ಉಪ್ಪಾಗ್ತಾ ಹೋಗಬೇಕಿತ್ತಲ್ಲ? ಒಳ್ಳೆ ಪ್ರಶ್ನೆ. ಉತ್ತರ ಏನಂದ್ರೆ, ಎರಡು ಖಾತೆಗಳ ನಡುವೆ ಟ್ರಾನ್ಸ್‌ಫರ್ ನಡೀತಾ ಇರುತ್ತೆ. ಬ್ರಾಂಚು ಶ್ರೀಲಂಕಾದ ದಕ್ಷಿಣದಲ್ಲಿದೆ.

ಮುಂಗಾರಿನಲ್ಲಿ ಗಾಳಿ ಪಶ್ಚಿಮದಿಂದ ಬೀಸುತ್ತೆ. ಅದರ ಜೊತೆ ಒಂದು ಪ್ರವಾಹ ಅರಬ್ಬಿ ಸಮುದ್ರದ ಉಪ್ಪುನೀರನ್ನ ಹೊತ್ಕೊಂಡು ಶ್ರೀಲಂಕಾ ಸುತ್ತಿ ಬಂಗಾಳ ಕೊಲ್ಲಿ ಒಳಗೆ ಹೋಗುತ್ತೆ. ಭಾರ ಜಾಸ್ತಿ ಇರೋದ್ರಿಂದ ಸಪ್ಪೆ ನೀರಿನ ಅಡಿಗೆ ನುಗ್ಗುತ್ತೆ, ಕೆಲವು ಜಾಗದಲ್ಲಿ ಮೇಲಕ್ಕೂ ಬರುತ್ತೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪಿ.ಎನ್. ವಿನಯಚಂದ್ರನ್ ಮತ್ತು ಸಂಗಡಿಗರು 2013ರಲ್ಲಿ ಇದನ್ನ ವಿವರಿಸಿ, ಬಂಗಾಳ ಕೊಲ್ಲಿಯ ಉಪ್ಪು ಕಾಯ್ದುಕೊಳ್ಳೋ ಮುಂಗಾರಿನ ಪಂಪು ಅಂತ ಕರೆದ್ರು. 2016ರ ಮುಂಗಾರಿನಲ್ಲಿ ಸಿಂಧು ಸಾಧನಾ ಅನ್ನೋ ಸಂಶೋಧನಾ ಹಡಗಲ್ಲಿ ಹೋಗಿ, ಬ್ರಿಟನ್ನಿನ ವಿಜ್ಞಾನಿಗಳ ಜೊತೆ ಸೇರಿ ಅಳತೆ ಮಾಡ್ಕೊಂಡೂ ಬಂದ್ರು.

ಚಳಿಗಾಲದಲ್ಲಿ ಗಾಳಿ ತಿರುಗುತ್ತೆ. ಆಗ ಬಂಗಾಳ ಕೊಲ್ಲಿಯ ಸಪ್ಪೆ ನೀರು ಪೂರ್ವ ಕರಾವಳಿ ಗುಂಟ ದಕ್ಷಿಣಕ್ಕಿಳಿದು, ಶ್ರೀಲಂಕಾ ಸುತ್ತಿ, ಕೇರಳ ದಾಟಿ, ನಮ್ಮ ಪಶ್ಚಿಮ ಕರಾವಳಿ ಗುಂಟ ಉತ್ತರಕ್ಕೆ ಬರುತ್ತೆ. ನವೆಂಬರ್‌ನಿಂದ ಫೆಬ್ರುವರಿವರೆಗೆ ಈ ಹರಿವು ಇರುತ್ತೆ. ಅಂದ್ರೆ ಭದ್ರೆಯಿಂದ ಪೂರ್ವಕ್ಕೆ ಹೋದ ನೀರಿನ ಒಂದಿಷ್ಟು ಪಾಲು ಅರ್ಧ ದೇಶ ಸುತ್ತಿ ಮಂಗಳೂರು, ಕಾರವಾರದ ಕಡೆ ಬರಬಹುದು. ನೇತ್ರಾವತಿ ನಾಲ್ಕು ದಿನದಲ್ಲಿ ತಲುಪೋ ಜಾಗಕ್ಕೆ ಭದ್ರೆ ಇಷ್ಟೆಲ್ಲಾ ಸುತ್ತಿ ಬರ್ತಾಳೆ.

ಇಲ್ಲಿ ಒಂದು ವಿಡಿಯೋ ವಿಷಯ ಹೇಳಿಬಿಡ್ತೀನಿ. ಎಲ್ರ ವಾಟ್ಸಾಪ್‌ಗೂ ಬಂದಿರುತ್ತೆ. ಒಂದು ಕಡೆ ನೀಲಿ ನೀರು, ಒಂದು ಕಡೆ ಬೂದು ನೀರು, ಮಧ್ಯೆ ಗೆರೆ. ಎರಡು ಸಮುದ್ರ ಸೇರೋದೇ ಇಲ್ಲ ಅಂತ ಬರೆದಿರ್ತಾರೆ. ಅಂಥ ಹೆಸರುವಾಸಿ ಚಿತ್ರಗಳು ಬಂದಿರೋದು ಅಲಾಸ್ಕಾ ಕೊಲ್ಲಿಯಿಂದ. ಹಿಮನದಿ ಕರಗಿ ಬಂದ, ಮಣ್ಣಿನ ಪುಡಿ ತುಂಬಿದ ಸಪ್ಪೆ ನೀರು ಸಮುದ್ರದ ನೀರಿಗೆ ತಾಗೋ ಜಾಗ ಅದು. ಗೆರೆ ನಿಜ, ಆದ್ರೆ ನಿಧಾನಕ್ಕೆ ಸೇರೇ ಸೇರುತ್ತೆ. ಹಗುರ ನೀರು ಮೇಲೆ, ಭಾರದ ನೀರು ಕೆಳಗೆ ಇದ್ದಾಗ ಕಲಸೋಕೆ ಜೋರು ಗಾಳಿ, ಅಲೆ, ಸಮಯ ಬೇಕು. ಅಷ್ಟರಲ್ಲಿ ಮತ್ತೆ ಹೊಸ ಮಳೆ, ಹೊಸ ನದಿನೀರು ಬಂದಿರುತ್ತೆ. ಅದಕ್ಕೇ ವ್ಯತ್ಯಾಸ ಅಳಿಸಿ ಹೋಗಲ್ಲ.

ಸರಿ, ಇದೆಲ್ಲಾ ಕೇಳೋಕೆ ಚೆನ್ನಾಗಿದೆ. ನಮಗೇನು?

ಒಂದು, ನಮ್ಮ ಮಳೆ. ಬಂಗಾಳ ಕೊಲ್ಲಿಯ ಮೇಲೆ ಕೂತಿರೋ ಆ ಸಪ್ಪೆ ನೀರಿನ ತೆಳು ಪದರ ಒಂದು ಮುಚ್ಚಳ ಇದ್ದ ಹಾಗೆ. ಬಿಸಿಲಿನ ಕಾವು ಆ ಪದರದಲ್ಲೇ ಉಳಿಯುತ್ತೆ. ಕೆಳಗಿನ ತಣ್ಣೀರು ಸುಲಭಕ್ಕೆ ಮೇಲೆ ಬರಲ್ಲ. ಬೆಚ್ಚಗಿನ ಸಮುದ್ರ ಅಂದ್ರೆ ಮೋಡಕ್ಕೆ, ಚಂಡಮಾರುತಕ್ಕೆ ಉರುವಲು. ಅರಬ್ಬಿ ಸಮುದ್ರಕ್ಕಿಂತ ಬಂಗಾಳ ಕೊಲ್ಲಿಯಲ್ಲಿ ಚಂಡಮಾರುತ ಹೆಚ್ಚು ಹುಟ್ಟೋದಕ್ಕೆ ಇರೋ ಕಾರಣಗಳಲ್ಲಿ ಇದೂ ಸೇರುತ್ತೆ. ಅಕ್ಟೋಬರ್-ನವೆಂಬರ್‌ನಲ್ಲಿ ಟಿವಿಯಲ್ಲಿ ಬಂಗಾಳ ಕೊಲ್ಲಿಯಲ್ಲಿ ವಾಯುಭಾರ ಕುಸಿತ ಅಂತ ಬಂದ ತಕ್ಷಣ ನಮ್ಮ ಕಡೆ ಏನಾಗುತ್ತೆ ಗೊತ್ತಲ್ಲ? ಕೊಯ್ಲಿಗೆ ಬಂದ ಭತ್ತ ಮಲಗುತ್ತೆ, ಅಂಗಳದಲ್ಲಿ ಹರವಿದ ಅಡಿಕೆ ಮೇಲೆ ಟಾರ್ಪಾಲು ಬೀಳುತ್ತೆ. ಸಮುದ್ರದ ಉಪ್ಪಿನ ಲೆಕ್ಕ ಅಡಿಕೆ ಅಂಗಳದವರೆಗೂ ಬರುತ್ತೆ ಅಂದ್ರೆ ಹೀಗೆ.

ಎರಡು, ಅನ್ನ. ಇದಕ್ಕೆ ಉತ್ತರ ಕನ್ನಡಕ್ಕೆ ಹೋಗೋಣ. ಅಲ್ಲಿ ಅಕ್ಕಪಕ್ಕ ಎರಡು ನದಿಗಳಿವೆ. ಕುಮಟಾದ ಹತ್ತಿರ ಸಮುದ್ರ ಸೇರೋ ಅಘನಾಶಿನಿ, ಹೊನ್ನಾವರದಲ್ಲಿ ಸೇರೋ ಶರಾವತಿ. ನದಿ ಸಮುದ್ರ ಸೇರೋ ಜಾಗಕ್ಕೆ ಅಳಿವೆ ಅಂತಾರೆ. ಅಲ್ಲಿ ಉಪ್ಪು ತಿಂಗಳಿಗೊಂದು ಥರ, ಉಬ್ಬರ-ಇಳಿತಕ್ಕೊಂದು ಥರ ಇರುತ್ತೆ.

ಅಘನಾಶಿನಿಗೆ ದೊಡ್ಡ ಅಣೆಕಟ್ಟಿಲ್ಲ. ಮಳೆಗಾಲದಲ್ಲಿ ನದಿ ತುಂಬಿ ಬಂದಾಗ ಅಳಿವೆ ಸಪ್ಪೆ ಆಗುತ್ತೆ. ಬೇಸಿಗೆಯಲ್ಲಿ ಸಮುದ್ರ ಒಳಗೆ ಬಂದು ಉಪ್ಪಾಗುತ್ತೆ. ಅಲ್ಲಿಯ ಜನ ಈ ಲೆಕ್ಕವನ್ನ ಬಾಯಿಪಾಠ ಮಾಡ್ಕೊಂಡಿದ್ದಾರೆ. ಗಜನಿ ಅಂತ ಕರೆಯೋ ತಗ್ಗು ಗದ್ದೆಗಳಲ್ಲಿ ಮಳೆ ಉಪ್ಪು ತೊಳೆದಾಗ ಕಗ್ಗ ಅನ್ನೋ ಭತ್ತ ಬಿತ್ತುತಾರೆ. ಉಪ್ಪನ್ನೂ ತಡೆಯುತ್ತೆ, ನೆರೆಯನ್ನೂ ತಡೆಯುತ್ತೆ. ಕೊಯ್ಲಾದ ಮೇಲೆ ಅದೇ ಗದ್ದೆಗೆ ಉಪ್ಪುನೀರು ಬಿಟ್ಟು ಸೀಗಡಿ, ಮೀನು ಹಿಡೀತಾರೆ. ಬೇಸಿಗೆಯಲ್ಲಿ ಗೋಕರ್ಣ ಹತ್ತಿರದ ಸಾಣಿಕಟ್ಟಾದ ಆಗರಗಳಲ್ಲಿ ಉಪ್ಪು ಕಟ್ಟುತ್ತೆ. ಇಳಿತದ ಹೊತ್ತಲ್ಲಿ ಹೆಂಗಸರು ಗಂಡಸರು ಬುಟ್ಟಿ ಹಿಡಿದು ಬಳಚು ಆರಿಸೋಕೆ ಇಳೀತಾರೆ. ಬಳಚು ಅಂದ್ರೆ ಚಿಪ್ಪಿನೊಳಗಿನ ಜೀವಿ, ಅಲ್ಲಿಯವರ ಊಟ, ಅಲ್ಲಿಯವರ ದುಡ್ಡು. 2024ರ ಜನವರಿಯಲ್ಲಿ ಅಘನಾಶಿನಿ ಅಳಿವೆಗೆ ರಾಮ್ಸರ್ ತಾಣ ಅನ್ನೋ ಅಂತಾರಾಷ್ಟ್ರೀಯ ಮಾನ್ಯತೆ ಸಿಕ್ತು.

ಈಗ ಶರಾವತಿ ನೋಡಿ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಬಂತು. ಅದರಿಂದ ರಾಜ್ಯಕ್ಕೆ ಕರೆಂಟು ಬಂತು. ನಮ್ಮೂರಲ್ಲಿ ಪಂಪ್‌ಸೆಟ್ ಓಡಿದ್ರಲ್ಲೂ ಅದರ ಪಾಲಿದೆ, ಅದನ್ನ ಮರೆಯೋ ಹಾಗಿಲ್ಲ. ಆದ್ರೆ ಕರೆಂಟು ಬೇಕಾಗೋದು ವರ್ಷವಿಡೀ. ಹಾಗಾಗಿ ಟರ್ಬೈನ್ ತಿರುಗಿಸಿದ ಸಿಹಿನೀರು ಬೇಸಿಗೆಯಲ್ಲೂ ಹೊನ್ನಾವರದ ಅಳಿವೆಗೆ ಬರ್ತಾನೇ ಇರುತ್ತೆ. ಬೇಸಿಗೆಯಲ್ಲಿ ಉಪ್ಪಾಗಬೇಕಿದ್ದ ಅಳಿವೆ ಸಪ್ಪೆಯಾಗೇ ಉಳೀತು. ಉಪ್ಪು ಬೇಕಿದ್ದ ಚಿಪ್ಪಿಜೀವಿಗಳು ಅಲ್ಲಿ ತೀರಾ ಕಡಿಮೆ ಆದ್ವು. ಭಾರತೀಯ ವಿಜ್ಞಾನ ಸಂಸ್ಥೆಯವರು ಈ ಅಳಿವೆಗಳನ್ನ ಹೋಲಿಸಿ ನೋಡಿ ಇದನ್ನ ದಾಖಲೆ ಮಾಡಿದ್ದಾರೆ. ನೀರು ನಿಂತಿದ್ದರಿಂದ ಆದ ನಷ್ಟ ಅಲ್ಲ ಇದು, ಹೊತ್ತಲ್ಲದ ಹೊತ್ತಲ್ಲಿ ನೀರು ಬಂದಿದ್ದರಿಂದ ಆದ ನಷ್ಟ. ಅಲ್ಲಿ ಬಳಚು ಆರಿಸಿ ಬದುಕ್ತಿದ್ದ ಮನೆಯವರ ಹೆಸರು ಯಾವ ಕರೆಂಟು ಬಿಲ್ಲಲ್ಲೂ ಬರಲಿಲ್ಲ.

ಪೂರ್ವದಲ್ಲಿ ಇದರ ಇನ್ನೊಂದು ಮುಖ ಇದೆ. ಕೃಷ್ಣಾ ನದಿಗೆ ನಾವೆಲ್ಲಾ ಕಟ್ಟೆ ಕಟ್ಟಿದ್ದೀವಿ. ಮಹಾರಾಷ್ಟ್ರ, ಕರ್ನಾಟಕ, ತೆಲಂಗಾಣ, ಆಂಧ್ರ, ಯಾರೂ ಬಿಟ್ಟಿಲ್ಲ. 2000ದ ದಶಕದ ಮೊದಲ ಬರಗಾಲದ ವರ್ಷಗಳಲ್ಲಿ ವಿಜಯವಾಡದ ಪ್ರಕಾಶಂ ಬ್ಯಾರೇಜ್ ದಾಟಿ ಸಮುದ್ರಕ್ಕೆ ಹೋದ ನೀರು ಇಲ್ಲವೇ ಇಲ್ಲ ಅನ್ನೋವಷ್ಟು ಕಡಿಮೆ ಆಗಿತ್ತು. ನದಿ ಮುಂದಕ್ಕೆ ತಳ್ಳದಿದ್ರೆ ಸಮುದ್ರ ಹಿಂದಕ್ಕೆ ಬರುತ್ತೆ. ಮೊದಲು ನದೀಮುಖಕ್ಕೆ, ಆಮೇಲೆ ಅಂತರ್ಜಲಕ್ಕೆ. ಕೃಷ್ಣಾ ಮುಖಜಭೂಮಿಯಲ್ಲಿ ಭತ್ತ ಬೆಳೆಯೋ ರೈತ ನಮ್ಮಂಥವನೇ. ನಮ್ಮದು ನಾಲೆಯ ಕೊನೇ ಭಾಗದ ಗೋಳಾದ್ರೆ, ಅವನದು ನದಿಯ ಕೊನೇ ಭಾಗದ ಗೋಳು.

ಉಪ್ಪಿನ ಈ ಲೆಕ್ಕ ನಮ್ಮ ಜಮೀನಿಗೂ ಬರುತ್ತೆ. ತುಂಗಭದ್ರಾ ಅಚ್ಚುಕಟ್ಟಿನ ಗಂಗಾವತಿ, ಸಿಂಧನೂರು ಕಡೆ ಸವಳು ಭೂಮಿ ಅಂತ ಕೇಳಿರ್ತೀರಿ. ನಾಲೆ ನೀರಲ್ಲೂ ಚೂರು ಉಪ್ಪಿರುತ್ತೆ, ಮಣ್ಣಲ್ಲೂ ಇರುತ್ತೆ. ನೀರು ಬಸಿದು ಹೋಗೋಕೆ ದಾರಿ ಇಲ್ಲದಿದ್ರೆ ನಿಂತ ನೀರು ಆವಿಯಾಗುತ್ತೆ, ಉಪ್ಪು ಮೇಲೆ ಉಳಿಯುತ್ತೆ. ಬಸಿಗಾಲುವೆ ಮುಚ್ಚಿ ಎರಡು ಸಾಲು ಹೆಚ್ಚಿಗೆ ನಾಟಿ ಮಾಡೋರು ಇದನ್ನ ಸ್ವಲ್ಪ ತಲೇಲಿ ಇಟ್ಕೊಳ್ಳಿ.

ಈಗ ನಾನು ಹೇಳಬೇಕು ಅಂತಿದ್ದ ಮಾತಿಗೆ ಬರ್ತೀನಿ. ನಮ್ಮಲ್ಲಿ ಒಂದು ಮಾತು ತುಂಬಾ ಸಲೀಸಾಗಿ ಬರುತ್ತೆ: ನೀರು ಸುಮ್ಮನೆ ಸಮುದ್ರಕ್ಕೆ ಹರಿದು ವ್ಯರ್ಥ ಆಗ್ತಿದೆ. ಭಾಷಣದಲ್ಲಿ ಬರುತ್ತೆ, ಹೋಟೆಲ್ ಮುಂದೆ ಚಹಾ ಕುಡೀವಾಗ ಬರುತ್ತೆ, ಕಾಮೆಂಟಲ್ಲಿ ಬರುತ್ತೆ. ಅಕೌಂಟ್ಸ್ ಓದಿದ ಯಾರನ್ನಾದ್ರೂ ಕೇಳಿ, ಒಂದು ಎಂಟ್ರಿ ಹಾಕಿದ್ರೆ ಎರಡು ಕಡೆ ಬರೀಬೇಕು. ಒಂದು ಖಾತೆಯಿಂದ ಹೋದದ್ದು ಇನ್ನೊಂದು ಖಾತೆಗೆ ಬಂದಿರಲೇಬೇಕು. ಸಮುದ್ರಕ್ಕೆ ಹೋದ ನೀರು ಮೀನುಗಾರನ ಖಾತೆಗೆ, ಗಜನಿ ಗದ್ದೆಯ ಖಾತೆಗೆ, ಮುಖಜಭೂಮಿ ರೈತನ ಖಾತೆಗೆ, ಕೊನೆಗೆ ಮೋಡದ ಖಾತೆಗೆ ಜಮಾ ಆಗಿರುತ್ತೆ. ನಾವು ಆ ಪುಟ ತೆಗೆದು ನೋಡದೇ ವ್ಯರ್ಥ ಅಂತ ಬರೀತೀವಿ.

ನದಿಗೆ ಕೈ ಹಚ್ಚಲೇಬಾರದು ಅಂತ ನಾನು ಹೇಳ್ತಿಲ್ಲ. ಭದ್ರಾ ಡ್ಯಾಂ ಇಲ್ಲದೇ ಹೋಗಿದ್ರೆ ತ್ಯಾವಣಿಗೆ ಹೀಗೆ ಹಸಿರಾಗಿ ಇರ್ತಿರಲಿಲ್ಲ. ನೇತ್ರಾವತಿಗೆ ಹೋಗೋ ಹಳ್ಳಗಳಿಂದ ವರ್ಷಕ್ಕೆ 24 ಟಿಎಂಸಿ ಎತ್ತಿ ಕೋಲಾರ, ಚಿಕ್ಕಬಳ್ಳಾಪುರದ ಕಡೆ ಒಯ್ಯೋ ಎತ್ತಿನಹೊಳೆ ಯೋಜನೆಯ ಮೊದಲ ಹಂತ 2024ರ ಸೆಪ್ಟೆಂಬರ್‌ನಲ್ಲಿ ಉದ್ಘಾಟನೆ ಆಯ್ತು. ಕೋಲಾರದ ತಾಯಂದಿರಿಗೂ ಕುಡಿಯೋ ನೀರು ಬೇಕು, ಅದನ್ನ ಬೇಡ ಅನ್ನೋಕೆ ನಾನ್ಯಾರು? ನನ್ನ ಕೇಳಿಕೆ ಇಷ್ಟೇ. ಯಾವ ಯೋಜನೆ ಬಂದ್ರೂ ಎಷ್ಟು ಎಕರೆ, ಎಷ್ಟು ಯೂನಿಟ್, ಎಷ್ಟು ಊರು ಅಂತ ಬರೆಯೋ ಪಟ್ಟಿಯಲ್ಲಿ ಇನ್ನೊಂದು ಸಾಲು ಇರಲಿ: ಅಳಿವೆಯಲ್ಲಿ ಯಾವ ತಿಂಗಳು ಎಷ್ಟು ಉಪ್ಪು ಇರುತ್ತೆ, ಯೋಜನೆ ಆದ ಮೇಲೆ ಎಷ್ಟಾಗುತ್ತೆ, ಅದರಿಂದ ಯಾರ ಒಲೆಗೆ ತೊಂದರೆ? ಆ ಸಾಲು ತುಂಬಿಸಿದ ಮೇಲೆ ಬೇಕೋ ಬೇಡವೋ ಚರ್ಚೆ ಮಾಡೋಣ.

ಕೊನೆಗೆ ಒಂದು ಮನೆಗೆಲಸ. ಎರಡು ಲೋಟ ತಗೊಳ್ಳಿ, ಎರಡಕ್ಕೂ ಸಮ ನೀರು, ಒಂದೊಂದು ಚಮಚ ಉಪ್ಪು. ಒಂದನ್ನ ತಾರಸಿ ಮೇಲೆ ಬಿಸಿಲಲ್ಲಿಡಿ. ಇನ್ನೊಂದನ್ನ ಒಳಗಿಟ್ಟು ದಿನಾ ಒಂದು ಚಮಚ ನೀರು ಹಾಕ್ತಾ ಹೋಗಿ. ಒಂದು ವಾರ ಬಿಟ್ಟು ನಾಲಿಗೆಗೆ ಹಚ್ಚಿ ನೋಡಿ. ತಾರಸಿ ಮೇಲಿರೋದು ಅರಬ್ಬಿ ಸಮುದ್ರ, ಒಳಗಿರೋದು ಬಂಗಾಳ ಕೊಲ್ಲಿ. ಮನೇಲಿ ಚಿಕ್ಕವರಿದ್ರೆ ಅವರ ಕೈಲೇ ಮಾಡಿಸಿ.

ನಿಮ್ಮೂರ ಹಳ್ಳ ಯಾವ ನದಿ ಸೇರುತ್ತೆ, ಆ ನದಿ ಯಾವ ಕಡಲು ಸೇರುತ್ತೆ ಅಂತ ಮ್ಯಾಪಲ್ಲಿ ಹುಡುಕಿ ನನಗೆ ವಾಯ್ಸ್ ಮೆಸೇಜ್ ಕಳಿಸಿ. ಮುಂದಿನ ಸಂಚಿಕೆಯಲ್ಲಿ ಕೆಲವನ್ನ ಕೇಳಿಸ್ತೀನಿ.